ಬಿಚ್ಚಬಾರದ ಟಿವಿ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಇಂದುಧರನಿಗೆ ಟೋಪಿ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬ ಮಾತು ಪ್ರಸಿದ್ಧವಾಗಿತ್ತು. ಪ್ರಸಿದ್ಧಿಪಡಿಸಿದವನು ಇಂದುಧರನೇ. ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಕೊಳೆತಿದೆಯೋ, ಮಾರುವವನ ಹೊಟ್ಟೆಯಲ್ಲಿ ಏನಿದೆಯೋ, ಎಲ್ಲವೂ ಅವನಿಗೆ ಕೇಳಿಸಿಬಿಡುತ್ತಿತ್ತು! ಒಡೆದು ನೋಡಿ ಹೇಳುವುದಾದರೆ ವ್ಯಾಪಾರಿ ಯಾಕೆ, ಮಚ್ಚು ಇದ್ದರೆ ಸಾಲದೇ ಎಂದು ಅವನು ಕೇಳುತ್ತಿದ್ದ.

ಇಂಥ ಮಹಾನುಭಾವ ಮಲಗುವ ಕೋಣೆಗೊಂದು ಟಿವಿ ತರಲು ಹೊರಟ. ನಡುಮನೆಯ ಹಳೆಯ ಡಬ್ಬ ಟಿವಿಯನ್ನು ಅವನ ತಾಯಿ ವಿಶಾಲಮ್ಮನವರು ಧಾರಾವಾಹಿಗಳ ಹೆಸರಿಗೆ ಬರೆದುಕೊಟ್ಟಂತಿದ್ದರು. ಹೆಂಡತಿ ಹೇಮಲತಾಗೆ ಅಡುಗೆ ಕಾರ್ಯಕ್ರಮದ ಹುಚ್ಚು, ಇಂದುಧರನಿಗೆ ಕ್ರಿಕೆಟ್ಟಿನದು. ಗೋಡೆಗೆ ಕ್ಯಾಲೆಂಡರಿನಂತೆ ತೂಗುಹಾಕುವ ಎಚ್‌ಡಿ ಟಿವಿಗಳು ಆಗತಾನೇ ಊರಿಗೆ ಬಂದಿದ್ದವು. ಅಗ್ಗವೂ ಆಗಬೇಕು, ಎಚ್‌ಡಿಯೂ ಆಗಬೇಕು, ಮೋಸ ಮಾತ್ರ ಆಗಬಾರದು. ತಾನು ಟಿವಿ ತರುವುದನ್ನು ನೋಡಿ ಇಡೀ ಮಂಡಿ ಪಾಠ ಕಲಿಯಬೇಕು ಎಂದು ಗೆಳೆಯ ಕುಮಾರಸ್ವಾಮಿಯ ಮುಂದೆ ಅವನು ಶಪಥ ಮಾಡಿದ.

ಟಿವಿ ಅಂಗಡಿಯ ಉಗ್ರಪ್ಪ ಹೆಸರಿಗಷ್ಟೇ ಉಗ್ರ, ಮಾತು ಬೆಣ್ಣೆ. ಇಂದುಧರನ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ. ಎರಡನೆಯದು, ಉಗ್ರಪ್ಪ ಜೊತೆಗೆ ಬಂದ ಹೇಮಲತಾಳನ್ನು ಕಂಡು "ಓ, ನಮ್ಮ ಹಳೇಬೀಡಿನ ತಂಗಿ" ಎಂದಾಗ ಹುಟ್ಟಿತು. ಅಂಗಡಿಯ ಗೋಡೆಯ ಮೇಲಿನ ಟಿವಿಯಲ್ಲಿ ಗಿಣಿಯ ಪುಕ್ಕಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಚೀಲದ ಬಾಯಲ್ಲಿ ಒಳ್ಳೆ ಕೊಬ್ಬರಿ, ತಳದಲ್ಲಿ ಕೊಳೆತದ್ದು ಇಡುವ ಕಸುಬು ಗೊತ್ತಿದ್ದ ಇಂದುಧರ ಮಾದರಿ ನೋಡಿ ಮರುಳಾಗಲಿಲ್ಲ. ತನಗೆ ಕೊಡಲಿರುವ ಪೆಟ್ಟಿಗೆಯನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದ. ಉಗ್ರಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

"ಸದ್ದೇ ಇಲ್ವಲ್ರೀ," ಎಂದ ಇಂದುಧರ.

"ಸದ್ದು ಬಂದಿದ್ರೆ ನಾನು ಇಲ್ಲೇ ಕೂತು ಅಳ್ತಿದ್ದೆ ಸಾವ್ಕಾರ್ರೇ," ಎಂದ ಉಗ್ರಪ್ಪ. ಸರಿಯಿಲ್ಲದಿದ್ದರೆ ವಾಪಸ್ಸು ತನ್ನಿ, ಬದಲಾಯಿಸಿ ಕೊಡುತ್ತೇನೆ ಎಂದೂ ಸೇರಿಸಿದ. ಕೇಳದೆಯೇ ಮಾತು ಕೊಟ್ಟನಲ್ಲ! ಮೂರನೆಯ ಅನುಮಾನ.

ಮನೆಗೆ ತಂದು ಗೋಡೆಗೆ ಹಾಕಿದರು. ಪರದೆಯ ಮೇಲೆ ಕಾರ್ಖಾನೆಯವರು ಅಂಟಿಸಿದ ಮಂಜುಮಂಜಾದ ಪ್ಲಾಸ್ಟಿಕ್ ಹಾಳೆಯೊಂದಿತ್ತು. ಹೇಮಲತಾ ಕೀಳಲು ಕೈ ಹಾಕಿದಳು. ಇಂದುಧರ ಅಡ್ಡ ನಿಂತ. ಹೊಲಿಗೆ ಬಿಚ್ಚಿದ ಚೀಲ ಮಂಡಿಯಲ್ಲಿ ವಾಪಸ್ಸು ಹೋಗುವುದಿಲ್ಲ, ಹಾಳೆ ಕಿತ್ತ ಟಿವಿಯೂ ಹಾಗೆಯೇ. ತನಗೆ ತೃಪ್ತಿಯಾಗುವ ತನಕ ಯಾರೂ ಅದನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ.

ಟಿವಿ ಹಾಕಿದರೆ ವಾರ್ತೆ ಓದುವ ಹೆಂಗಸು ಬಚ್ಚಲ ಹಬೆಯಲ್ಲಿ ಕೂತಂತೆ ಕಂಡಳು. ಕ್ರಿಕೆಟ್ಟಿನಲ್ಲಿ ಆಟಗಾರರು ಕಂಡರು, ಚೆಂಡು ಕಾಣಲಿಲ್ಲ.

"ಆ ಹಾಳೆ ತೆಗೀರೀ ಅಂದ್ರೆ," ಎಂದಳು ಹೇಮಲತಾ.

"ಆ ಉಗ್ರಪ್ಪ ಕಾಯ್ತಿರೋದೇ ಅದನ್ನ ಕಣೇ. ಚಿಪ್ಪಿನ ಮೇಲಿಂದ ಕೊಬ್ಬರಿ ಹೇಳೋನಿಗೆ, ಹಾಳೆ ಮೇಲಿಂದ ಟಿವಿ ಗೊತ್ತಾಗಲ್ವಾ?"

ಅವನು ಮೊದಲು ಕೇಬಲ್‌ನವನನ್ನು ಕಂಬ ಹತ್ತಿಸಿದ. ಆಮೇಲೆ ಪಕ್ಕದ ಮನೆಯವರು ತಂತಿಗೆ ಗಂಟು ಹಾಕಿ ಚಿತ್ರದ ಸಾರ ಹೀರುತ್ತಿದ್ದಾರೆಂದು ಅವರ ಸೂರಿನ ಮೇಲೆ ಕಣ್ಣಿಟ್ಟ. ಇಬ್ಬರೂ ನಿರಪರಾಧಿಗಳೆಂದು ಸಾಬೀತಾದಾಗ ಅವನಿಗೆ ನಿಜಕ್ಕೂ ಬೇಜಾರಾಯಿತು. ಆ ಬೇಜಾರಿನ ನಡುವೆಯೇ ಒಂದು ಸಂಜೆ, ರೊಟ್ಟಿಯ ಜೊತೆ ಹೊಸ ಬಗೆಯ ಬದನೆಕಾಯಿ ಪಲ್ಯ ಬಡಿಸುತ್ತ ಹೇಮಲತಾ, ಟಿವಿಯಲ್ಲಿ ನೋಡಿ ಕಲಿತದ್ದು, ಸಾಸಿವೆ ಸಿಡಿಯುವುದು ಒಂದೊಂದೂ ಕಾಣುತ್ತದೆ ಎಂದುಬಿಟ್ಟಳು. "ಆ ಅಡುಗೆ ಹೆಂಗಸಿನ ಬಳೆ ಒಂದು ಸೀಳೈತೆ, ಪಾಪ," ಎಂದು ವಿಶಾಲಮ್ಮನವರು ಮರುಗಿದರು.

ಇಂದುಧರ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ತನಗೆ ಬಾಣಲೆಯೇ ಕಾಣದ ಟಿವಿಯಲ್ಲಿ ಇವರಿಗೆ ಬಳೆಯ ಸೀಳು ಹೇಗೆ ಕಂಡಿತು? ಎದ್ದು ಹೋಗಿ ಪರೀಕ್ಷಿಸಿದ. ಹಾಳೆ ಅದರ ಜಾಗದಲ್ಲೇ ಇತ್ತು, ಆದರೆ ಅದರ ಮೂಲೆಯಲ್ಲೊಂದು ಅರಿಶಿನದ ಬೆರಳ ಗುರುತು! ಇಂದುಧರನ ತಲೆ ಮಿಂಚಿನಂತೆ ಓಡಿತು. ಉಗ್ರಪ್ಪ ಹಳೇಬೀಡಿನವನು, ಇವಳೂ ಹಳೇಬೀಡಿನವಳು. ತಾನು ಮಂಡಿಗೆ ಹೋದ ಮೇಲೆ ಅಣ್ಣ ತಂಗಿಗೆ ಒಳ್ಳೆಯ ಟಿವಿ ತಂದು ಹಾಕುತ್ತಾನೆ, ತಾನು ಬರುವುದರೊಳಗೆ ಕೆಟ್ಟದ್ದನ್ನು ತೂಗುಹಾಕಿ ಹೋಗುತ್ತಾನೆ.

"ಯಾಕೋ ಹಂಗ್ ಮಾಡ್ತಾನೆ ಅವನು?" ಎಂದು ಕೇಳಿದ ಕುಮಾರಸ್ವಾಮಿ, ಮರುದಿನ ಮಂಡಿಯಲ್ಲಿ.

"ಅದು ನಂಗೂ ತಿಳೀತಿಲ್ಲ ಕಣೋ. ಮೋಸ ಅಷ್ಟು ಆಳ ಐತೆ."

ಈ ಸುದ್ದಿ ತಾನಾಗಿ ಹೊರಬಿದ್ದರೆ ಮಂಡಿಯಲ್ಲಿ ಇಂದುಧರನ ಹೆಸರಿಗೆ ಕೊಳೆತ ಕಾಯಿಯ ಬೆಲೆಯೂ ಉಳಿಯುತ್ತಿರಲಿಲ್ಲ. ಅದರ ಬದಲು ತಾನೇ ಕಳ್ಳನನ್ನು ಹಿಡಿದುಕೊಟ್ಟರೆ ಹೆಸರು ಬೇಲೂರಿನ ತನಕ ಹೋಗುತ್ತದೆ. ಹಾಗಾಗಿ ಒಂದು ಮಧ್ಯಾಹ್ನ ಹರಾಜು ಮುಗಿದದ್ದೇ ಕುಮಾರಸ್ವಾಮಿಯನ್ನೂ ಮಂಡಿಯ ನಾಲ್ಕು ಜನ ಹಿರಿಯರನ್ನೂ ಸಾಕ್ಷಿಗೆ ಕರೆದುಕೊಂಡು ಹೊರಟ. ದಾರಿಯಲ್ಲಿ ಅಂಗಡಿಯಿಂದ ಉಗ್ರಪ್ಪನನ್ನು ಎಬ್ಬಿಸಿಕೊಂಡ. ಕಳ್ಳ ಅಂಗಡಿಯಲ್ಲೇ ಸಿಕ್ಕಿದ್ದು ಸ್ವಲ್ಪ ಗೊಂದಲವಾಯಿತಾದರೂ, ಆಳುಗಳಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಬಾಗಿಲಲ್ಲಿ ಎಲ್ಲರಿಗೂ ಚಪ್ಪಲಿ ಬಿಡಿಸಿ, ಬೆಕ್ಕಿನ ಹೆಜ್ಜೆಯಲ್ಲಿ ನಡೆಸಿಕೊಂಡು ಹೋಗಿ ಕೋಣೆಯ ಬಾಗಿಲು ತಳ್ಳಿದ.

ಗೋಡೆಯ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟೊಂದು ಪಳಪಳ ಹೊಳೆಯುತ್ತಿತ್ತು. ಎಲೆಯ ಮೇಲಿನ ನೀರಹನಿ ಕೈ ಚಾಚಿದರೆ ಸಿಗುವಂತಿತ್ತು. ಮಂಚದ ಮೇಲೆ ವಿಶಾಲಮ್ಮನವರು ಕಾಲು ಚಾಚಿ ಕೂತಿದ್ದರು, ಅವರ ಪಕ್ಕದಲ್ಲಿ ಹೇಮಲತಾ. ಇಬ್ಬರ ನಡುವೆ ಆ ಪ್ಲಾಸ್ಟಿಕ್ ಹಾಳೆ ಸುಕ್ಕಾಗದಂತೆ ಹಾಸಿತ್ತು. ಬದಿಯ ತಟ್ಟೆಯಲ್ಲಿ ಒಂದು ಹಿಡಿ ಅನ್ನವಿತ್ತು.

"ಪೀಸು ಚೆನ್ನಾಗೇ ಐತಲ್ಲ ಸಾವ್ಕಾರ್ರೇ," ಎಂದ ಉಗ್ರಪ್ಪ, ಬೆಣ್ಣೆಯಂತೆ.

ಮಗನ ಮುಖ ನೋಡಿ ವಿಶಾಲಮ್ಮನವರೇ ಸಮಜಾಯಿಷಿ ಕೊಟ್ಟರು: "ನಿನ್ನ ಮಾತು ಮೀರಿಲ್ಲ ಕಣಪ್ಪ. ನೀನು ಬರೋ ಹೊತ್ತಿಗೆ ದಿನಾ ಅನ್ನದ ಅಗುಳು ಹಚ್ಚಿ ಅಂಟಿಸಿಬಿಡ್ತೀವಿ."

"ಚಿಪ್ಪಿನ ಮೇಲಿಂದ ನೋಡೋ ವಿದ್ಯೆ ನಮಗೆ ಬರಲ್ವಲ್ರೀ," ಎಂದಳು ಹೇಮಲತಾ, ಸೆರಗು ಸರಿಮಾಡಿಕೊಳ್ಳುತ್ತ. "ಬನ್ನಿ, ಎಲ್ರೂ ಕೂತ್ಕೊಳಿ, ಕಾಫಿ ತರ್ತೀನಿ."

ಸಾಕ್ಷಿಗೆ ಬಂದ ಹಿರಿಯರು ಕಾಫಿ ಕುಡಿದು, ಕೊತ್ತಂಬರಿ ಚಟ್ನಿ ಪೂರ್ತಿ ಅರೆಯುವ ತನಕ ನೋಡಿಯೇ ಎದ್ದರು. ಇಂದುಧರನಿಗಾದ ನಾಚಿಕೆ ಅಷ್ಟಿಷ್ಟಲ್ಲ.

ಮರುದಿನ ಗೆಂಡೆಹಳ್ಳಿಯ ರೈತನೊಬ್ಬ ಅಟ್ಟದ ಕಾಯಿ ತಂದು ಅವನ ಮುಂದೆ ಸುರಿದ. ಇಂದುಧರ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದ. ಮಂಡಿಯ ಗದ್ದಲ ಒಮ್ಮೆಲೇ ನಿಂತಿತು. ಕುಮಾರಸ್ವಾಮಿ ಬಂದು ಅವನ ಮುಂದೊಂದು ಮಚ್ಚು ಇಟ್ಟು ಹೋದ.

ಇಂದುಧರ ಸುತ್ತ ಒಮ್ಮೆ ನೋಡಿದ. ಆಮೇಲೆ ಕಾಯಿ ಒಡೆದ.