ಅಂಬ್ರಪ್ಪ ತಂದ ಬಾಗಿಲು

ಅಂಬ್ರಪ್ಪನ ಅರ್ಜಿಯಲ್ಲಿ ಒಂದು ಖಾನೆ ಬಿಟ್ಟು ಉಳಿದದ್ದೆಲ್ಲ ತುಂಬಿತ್ತು. ಅವನ ಹೆಸರಿತ್ತು, ಅಪ್ಪನ ಹೆಸರಿತ್ತು, ವರಮಾನದ ಸರ್ಟಿಫಿಕೇಟು ಪಿನ್ನಿಗೆ ಚುಚ್ಚಿಕೊಂಡು ನೇತಾಡುತ್ತಿತ್ತು. ಮೂರು ದಿನ ಕಲಿತು ಹಾಕಿದ ಸಹಿ, ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಮುದುಡಿಕೊಂಡಿದ್ದರೂ, ಇತ್ತು. ಏಳನೇ ಖಾನೆ ಮಾತ್ರ ಖಾಲಿ. ಅಲ್ಲಿ ‘ಮನೆ ನಂಬರ್’ ಎಂದು ಅಚ್ಚಾಗಿತ್ತು.

“ಇದು ತುಂಬಿಲ್ಲ,” ಎಂದ ಪಂಚಾಯ್ತಿ ಗುಮಾಸ್ತ ಚನ್ನಯ್ಯ.

“ಅಯ್ಯಾರ, ಇದು ಮನಿ ಇಲ್ಲದವರ ಅರ್ಜಿ ಅಲ್ಲೇನ್ರಿ?”

“ಹೌದು.”

“ಮತ್ತ ಮನಿ ಇಲ್ಲದವಂಗ ನಂಬರ್ ಎಲ್ಲಿಂದ ಬರ್ತದ್ರಿ?”

ಇಪ್ಪತ್ತು ವರ್ಷದ ನೌಕರಿಯಲ್ಲಿ ಚನ್ನಯ್ಯನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಮನಿ ಇಲ್ಲಂದ್ರ ರಾತ್ರಿ ಎಲ್ಲಿ ಮಲಗ್ತಿ? ಆ ಜಾಗದ ನಂಬರ್ ಬೇಕು. ಅದಿಲ್ಲಂದ್ರ ನೀ ಈ ಊರವ ಅನ್ನೂದಕ್ಕ ಏನು ಗುರ್ತು? ನೋಡಪ, ಇವತ್ತ ಕಡೀ ದಿನ. ಮೂರು ಗಂಟೆಗಿ ಶಹಾಪುರದಿಂದ ಸಾಹೇಬ್ರು ಬರ್ತಾರ. ಪಟ್ಟಿಯೊಳಗ ಒಂದೇ ಒಂದು ಮನಿ ಉಳದದ. ಅಷ್ಟರಾಗ ನಂಬರ್ ತಂದ್ರ ಸೈ, ಇಲ್ಲಂದ್ರ ಮುಂದಿನ ವರ್ಷದ ಮಾತು.”

ಅಂಬ್ರಪ್ಪನ ಸ್ವಂತ ಊರು ಬಳಿಚಕ್ರ. ಅಲ್ಲಿಯ ಹೊಲ ಮೋಡ ನೋಡಿಕೊಂಡು ಬದುಕುವಂಥದ್ದು. ದೋರನಹಳ್ಳಿ ಕಡೆ ಕೆನಾಲಿಗೆ ನೀರು ಬಿಟ್ಟು, ಭತ್ತ ನಾಟಿ ಶುರುವಾದಾಗ ಅವನು ಹೆಂಡತಿ ಅಯ್ಯಮ್ಮನನ್ನು ಕರೆದುಕೊಂಡು ಕೆನಾಲಿನ ಪಕ್ಕದ ಈ ಹಳ್ಳಿಗೆ ಕೂಲಿಗೆ ಬಂದ. ಬಂದು ಆರು ವರ್ಷ. ಆರು ವರ್ಷವೂ ಇದ್ದದ್ದು ಗೊಲ್ಲಾಳಮ್ಮನ ಮನೆಯ ಹಿಂದೆ, ಒಂದು ಕಾಲಕ್ಕೆ ದನದ ಮೇವು ಒಟ್ಟುತ್ತಿದ್ದ ಕೋಣೆಯಲ್ಲಿ. ಮೂರು ಕಡೆ ಮಣ್ಣಿನ ಗೋಡೆ, ಮೇಲೆ ತಗಡು. ನಾಲ್ಕನೆಯ ಕಡೆ ಹಳೆಯ ಚೌಕಟ್ಟೊಂದಿತ್ತು, ಅದಕ್ಕೆ ಬಾಗಿಲಿರಲಿಲ್ಲ. ಗೋಣಿಚೀಲ ಹೊಲಿದು ಇಳಿಬಿಟ್ಟಿದ್ದರು. ಅಯ್ಯಮ್ಮ ಸ್ನಾನಕ್ಕೆ ಕೂತಾಗ ಅಂಬ್ರಪ್ಪ ಹೊರಗೆ ಗೋಣಿಯ ಎರಡು ತುದಿ ಹಿಡಿದು ಕಾವಲು ನಿಲ್ಲಬೇಕು. ಗಾಳಿ ಬಂದ ದಿನ ಸ್ನಾನವೇ ಇಲ್ಲ.

ಅವತ್ತು ಬೆಳಿಗ್ಗೆ ಅವನು ಅರ್ಜಿ ಹಿಡಿದು ಹೊರಟಾಗ ಅಯ್ಯಮ್ಮ ಒಂದೇ ಮಾತು ಹೇಳಿದ್ದಳು: “ಕೊಟ್ಟೇ ಬಾ.”

ಹಾಗಾಗಿ ಅವನು ಪಂಚಾಯ್ತಿಯಿಂದ ಮನೆಗೆ ಹೋಗದೆ ನೇರ ಬೀರಣ್ಣನ ಹತ್ತಿರ ಹೋದ. ಊರಿನ ಮನೆಗಳ ಮೇಲೆ ಬ್ರಷ್ಷಿನಿಂದ ನಂಬರ್ ಬರೆಯುವ ಪಂಚಾಯ್ತಿ ಆಳು ಬೀರಣ್ಣ. ಅವನು ಆಗ ತಾನೇ ರೊಟ್ಟಿ ತಿಂದು ಕಟ್ಟೆಗೆ ಒರಗಿದ್ದ.

“ಬರೀತೀನಿ, ಅದಕ್ಕೇನು,” ಎಂದ ಬೀರಣ್ಣ. “ಖರೇ ಅದಕ್ಕ ಬಾಗಿಲ ಇರಬೇಕು. ಬಾಗಿಲ ಇಲ್ಲದ್ದಕ್ಕ ಮನಿ ಅನ್ನಂಗಿಲ್ಲ, ಕೊಟ್ಟಿಗಿ ಅಂತಾರ. ಕೊಟ್ಟಿಗಿಗಿ ನಂಬರ್ ಬರದ್ರ ನನ್ನ ನೌಕರಿ ಹೋಗ್ತದ. ಮತ್ತ ಗೊಲ್ಲಾಳಮ್ಮವ್ವ ಹೂಂ ಅನ್ನಬೇಕು.”

ಗೊಲ್ಲಾಳಮ್ಮ ಅರವತ್ತು ದಾಟಿದ ವಿಧವೆ. ಮಗ ಲಿಂಗಣ್ಣ ಸುರಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಈಕೆ ಊರಲ್ಲಿ ದೊಡ್ಡ ಮನೆ ಕಾಯುತ್ತಿದ್ದಳು. ಅಂಬ್ರಪ್ಪ ನಂಬರಿನ ಮಾತು ಎತ್ತಿದ ಕೂಡಲೇ ಅವಳ ಮುಖ ಹುಣಸೆಹಣ್ಣು ತಿಂದ ಹಾಗಾಯಿತು.

“ಇವತ್ತ ನಂಬರ್ ಅಂತಿ, ನಾಳಿ ಗೋಡಿ ನಂದ ಅಂತಿ.”

“ಇಲ್ರಿ ಅವ್ವಾರ. ಮನಿ ಮಂಜೂರಾತಂದ್ರ ಊರ ಹೊರಗಿನ ಪ್ಲಾಟಿಗಿ ಹೋಗೇಬಿಡ್ತೀವಿ. ನಾ ಹಾಕಿದ ಬಾಗಿಲ ನಿಮಗ ಬಿಟ್ಟುಹೋಗ್ತೀನಿ.”

ಗೊಲ್ಲಾಳಮ್ಮ ಕೇಳಿದಳು, “ಸಾಗವಾನಿದಾ?”

“ಬೇವಿಂದ್ರಿ.”

“ಇರಲಿ. ಹಾಕು.”

ಬೇವಿನ ಬಾಗಿಲು ಎಲ್ಲಿದೆ ಎಂದು ಅಂಬ್ರಪ್ಪನಿಗೆ ಇನ್ನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದ. ಎರಡು ಓಣಿ ಸುತ್ತಿದ ಮೇಲೆ, ಕೆನಾಲಿನ ಆಚೆ ದಂಡೆಯ ಜೈತುನಬೀ ಹೊಸ ಬಾಗಿಲು ಹಾಕಿಸಿದ್ದಾಳೆ, ಹಳೆಯದು ಕೋಳಿಗೂಡಿನ ಮೇಲೆ ಮುಚ್ಚಿದ್ದಾಳೆ ಎಂದು ತಿಳಿಯಿತು. ಅವನು ಓಡಿದ.

“ಅಕ್ಕಾ, ಆ ಬಾಗಿಲ ಕೊಡು. ಬದಲಿ ಎರಡು ದಿನ ನಿನ್ನ ಗದ್ದಿ ಕಳಿ ತೆಗೀತೀನಿ.”

“ನನ್ನ ಕೋಳಿ ಮ್ಯಾಗ ಏನ್ ಹಾಕ್ಲಿ?”

“ನಮ್ಮ ಮನಿ ಗೋಣಿಚೀಲ ತಂದು ಹಾಕ್ತೀನಿ.”

ಜೈತುನಬೀ ನಕ್ಕುಬಿಟ್ಟಳು. “ತಗೊಂಡು ಹೋಗಪ್ಪಾ. ಬಿಜಾಗರಿ, ಚಿಲಕ ಎಲ್ಲಾ ಅವ. ಮನುಷಾರಿಗಿ ಬಾಗಿಲ ಆಗ್ತದಂದ್ರ ಕೋಳಿ ಏನನ್ನಂಗಿಲ್ಲ.”

ಬಾಗಿಲನ್ನು ತಲೆಯ ಮೇಲೆ ಅಡ್ಡ ಹೊತ್ತು ಅಂಬ್ರಪ್ಪ ಹೊರಟಾಗ ಒಂದು ಗಂಟೆ. ಅವನ ಮುಖ ಕಾಣುತ್ತಿರಲಿಲ್ಲ. ಬಾಗಿಲಿಗೇ ಎರಡು ಕಾಲು ಬಂದು ನಡೆಯುತ್ತಿರುವಂತೆ ಕಾಣುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ನೋಡಿ, ಮುಖ ಗುರುತು ಹಿಡಿದು, “ಮಾರಾಕೇನು?” ಎಂದರು. ಒಬ್ಬ ರೇಟೂ ಕೇಳಿದ.

ಕೆನಾಲು ದಾಟಲು ಎರಡು ಕಲ್ಲುಚಪ್ಪಡಿಯ ಸಣ್ಣ ಸೇತುವೆ ಇತ್ತು. ಅದರ ನಡುವೆ ಬಂದಾಗ ಹಿಂದಿನಿಂದ ಯಾರೋ, “ಅಂಬ್ರಪ್ಪಾ, ಬಾಗಿಲ ಎಲ್ಲಿಗಿ ಒಯ್ಯಾಕತ್ತಿ?” ಎಂದು ಕೂಗಿದರು. ಕರೆದವರಿಗೆ ತಿರುಗಿ ಮಾತಾಡುವುದು ಅಂಬ್ರಪ್ಪನ ರೂಢಿ. ಅವನು ತಿರುಗಿದ. ಅವನ ಜೊತೆ ಬಾಗಿಲೂ ತಿರುಗಿತು. ಎದುರಿಗೆ ಬರುತ್ತಿದ್ದ ಎಮ್ಮೆಯ ಕೊಂಬಿಗೆ ಅದರ ತುದಿ ತಾಗಿತು. ಎಮ್ಮೆ ಒಮ್ಮೆ ತಲೆ ಕೊಡವಿತು ಅಷ್ಟೇ. ಬಾಗಿಲು ಚಪ್ಪೆಂದು ನೀರಿಗೆ ಬಿದ್ದು, ಊರು ನೋಡಲು ಹೊರಟ ಹಾಗೆ ಆರಾಮಾಗಿ ತೇಲತೊಡಗಿತು.

ಅಂಬ್ರಪ್ಪ ದಂಡೆಯ ಮೇಲೆ ಓಡಿದ. ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು. “ಕಾಲ ಹಿಡಿ, ಕಾಲ ಹಿಡಿ,” ಎಂದಳು ಒಬ್ಬಳು. ಬಾಗಿಲಿಗೆ ಎಲ್ಲಿಯ ಕಾಲು? ಅರ್ಧ ಮೈಲು ಓಡಿ, ಉಸಿರು ಮುಗಿಯುವ ಹೊತ್ತಿಗೆ ಅವನು ಕಣ್ಣು ಮುಚ್ಚಿ ಹಾರಿಬಿಟ್ಟ. ಬಿದ್ದದ್ದು ಸರಿಯಾಗಿ ಬಾಗಿಲ ಮೇಲೆಯೇ. ಹೊಟ್ಟೆಯ ಮೇಲೆ ಮಲಗಿ, ಚಿಲಕ ಭದ್ರ ಹಿಡಿದುಕೊಂಡು ಸ್ವಲ್ಪ ದೂರ ಅವನೂ ತೇಲಿದ. ಕೊನೆಗೆ ತೂಬಿನ ಗೇಟು ಬಂದು ಇಬ್ಬರನ್ನೂ ತಡೆಯಿತು. ಗೇಟು ಕಾಯುವವನು ಕೈ ಕೊಟ್ಟು ಎಳೆಯುತ್ತ, “ಸತ್ತಿದ್ದೆಲ್ಲೋ. ಒಂದು ಹಲಗಿ ಸಲುವಾಗಿ,” ಎಂದ.

“ಹಲಗಿ ಅಲ್ಲಣ್ಣ, ನಂಬರ್,” ಎಂದ ಅಂಬ್ರಪ್ಪ. ಗೇಟಿನವನಿಗೆ ಇವನ ತಲೆಗೆ ನೀರು ಏರಿದೆ ಅನ್ನಿಸಿತು.

ಎರಡೂವರೆಗೆ ಬಾಗಿಲು ಚೌಕಟ್ಟಿಗೆ ಕೂತಿತು. ಬೀರಣ್ಣ ಬಂದು ಗೋಡೆಯ ಮೇಲೆ ದೊಡ್ಡದಾಗಿ 112/ಅ ಎಂದು ಬರೆದು, ರಿಜಿಸ್ಟರಿನಲ್ಲಿ ಗೀಚಿಕೊಂಡ. ಅಯ್ಯಮ್ಮ ಬಾಗಿಲು ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿ ಒಳಗಿನಿಂದ ಚಿಲಕ ಹಾಕಿ ನೋಡಿದಳು. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಅಂಬ್ರಪ್ಪನ ಅಂಗಿಯೂ ಒದ್ದೆಯಾಗಿದ್ದರಿಂದ ಅವನು ಅದರ ಬಗ್ಗೆ ಏನೂ ಕೇಳಲಿಲ್ಲ. ಏಳನೇ ಖಾನೆ ತುಂಬಿ, ಅರ್ಜಿ ಚನ್ನಯ್ಯನ ಮೇಜಿನ ಮೇಲೆ ಇಟ್ಟು ಬಂದ.

ಮೂರಕ್ಕೆ ಬರಬೇಕಾದ ಜೀಪು ನಾಲ್ಕಕ್ಕೆ ಬಂತು. ಸಾಹೇಬ್ರು ತರುಣ, ಬಿಸಿಲಿಗೆ ಬಾಡಿದ್ದರು. ಅವರ ಹಿಂದೆ ಚನ್ನಯ್ಯ, ಅವನ ಹಿಂದೆ ಬೀರಣ್ಣ, ಅವರ ಹಿಂದೆ ಅರ್ಧ ಓಣಿ. ಗದ್ದಲ ಕೇಳಿ ಗೊಲ್ಲಾಳಮ್ಮನೂ ಹಿತ್ತಲಿಗೆ ಬಂದಳು. ಸಾಹೇಬ್ರು ತಗಡು ನೋಡಿದರು, ಗೋಡೆಯ ಬಿರುಕಿಗೆ ಬೆರಳು ಹಾಕಿದರು.

“ಇದರಾಗ ಆರು ವರ್ಷ ಇದ್ದೀರೇನು?” ಅವರ ದನಿಯಲ್ಲಿ ಮರುಕವಿತ್ತು. ಅಂಬ್ರಪ್ಪನ ಎದೆ ಹಿಗ್ಗಿತು. “ಇದು ಮಂಜೂರು ಮಾಡೋ ಕೇಸೇ. ಜಾಗ ಯಾರ ಹೆಸರಿಗದ?”

“ಗೊಲ್ಲಾಳಮ್ಮ ಅಂತ್ರಿ,” ಎಂದು ಬೀರಣ್ಣ ರಿಜಿಸ್ಟರ್ ತೋರಿಸಿದ. “ಇವತ್ತೇ ನಂಬರ್ ಬಿದ್ದದ. ಜಾಗ ಅವರದೇ ಅದ, ಅದಕ್ಕ ಅವರ ಹೆಸರಿಗೇ ಬರದೀನ್ರಿ.”

“ಅಮ್ಮಾರ, ನಿಮಗ ಬ್ಯಾರೆ ಮನಿ ಅದ?”

“ಮುಂದಿನ ಮನಿ ಮಗನ ಹೆಸರಿಗದಪ. ಹಿಂದಿನ ಇದೊಂದು ಜಾಗ ನನ್ನ ಮಾವ ನನಗ ಕೊಟ್ಟಿದ್ದು.”

“ಯಜಮಾನ್ರು?”

“ತೀರಿಕೊಂಡು ಹದಿನಾಲ್ಕು ವರ್ಷಾತು.”

ಸಾಹೇಬ್ರು ಒಂದು ಸುತ್ತೋಲೆ ತೆಗೆದು ಓದಿದರು. ಆಮೇಲೆ ಅಂಬ್ರಪ್ಪನ ಕಡೆ ನೋಡದೆ ಮಾತಾಡಿದರು. “ಕೇಳಪ. ಉಳಿದಿರೋದು ಒಂದೇ ಮನಿ. ಸ್ವಂತ ಜಾಗ ಇದ್ದವರಿಗೆ ಮೊದಲು. ಅದರಾಗೂ ವಿಧವೆ ಇದ್ರ ಎಲ್ಲರಿಗಿಂತ ಮೊದಲು. ದಾಖಲೆ ಪ್ರಕಾರ ಈ ಅಮ್ಮಾರ ಹೆಸರಿಗೆ ಇರೋದು ಈ ಬಿದ್ದೋಗೋ ಕೋಣೆ ಒಂದೇ. ಬೆಳಿಗ್ಗೆತನಕ ಇದು ಮನೀನೇ ಆಗಿರಲಿಲ್ಲ. ಈಗ ನಂಬರ್ ಅದ, ಬಾಗಿಲ ಅದ. ನಾ ನಿನಗ ಕೊಟ್ರ ಮ್ಯಾಲಿನವರು ನನ್ನ ಕೇಳ್ತಾರ.”

ಗೊಲ್ಲಾಳಮ್ಮ ಬಾಯಿಯ ಮೇಲೆ ಸೆರಗು ಹಿಡಿದಳು. “ನಾ ಅರ್ಜಿನೇ ಹಾಕಿಲ್ಲಪ.”

“ಇಲ್ಲೊಂದು ಸೈ ಮಾಡ್ರಿ, ಹಾಕಿದಂಗೇ.”

ಗೊಲ್ಲಾಳಮ್ಮ ಅಂಬ್ರಪ್ಪನನ್ನು ನೋಡಿದಳು, ಬಾಗಿಲು ನೋಡಿದಳು, ಪೆನ್ನು ನೋಡಿದಳು. ಬೇಡ ಅನ್ನಲು ಅವಳು ಪಟ್ಟ ಕಷ್ಟ ಎಲ್ಲರಿಗೂ ಕಂಡಿತು. ಆದರೆ ಬೇಡ ಅನ್ನಲಿಲ್ಲ. ಸಹಿ ಮಾಡಿದಳು.

ಜೀಪು ಹೋದ ಮೇಲೆ ಅವಳು ಅಂಬ್ರಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನಾ ಕೇಳಿ ಇಸಕೊಂಡಿಲ್ಲ, ನೀನೇ ನೋಡಿದೆಲ್ಲ,” ಎಂದಳು. “ಸೋಮವಾರ ಬುನಾದಿ ತೋಡಬೇಕಂತ. ಈ ತಗಡು ಕಿತ್ತಬೇಕಾಗ್ತದ. ತೋಡಾಕ ನೀನೇ ಬಾ, ಬ್ಯಾರೆಯವರನ್ನ ಕರೆಯಂಗಿಲ್ಲ.”

“ಬರ್ತೀನ್ರಿ ಅವ್ವಾರ,” ಎಂದ ಅಂಬ್ರಪ್ಪ.

ಓಣಿಯವರು ಸುತ್ತ ನಿಂತು ಸಮಾಧಾನ ಹೇಳಲು ಶುರು ಮಾಡಿದರು. ತಾನಾಗಿದ್ದರೆ ನಂಬರೇ ಬರೆಸುತ್ತಿರಲಿಲ್ಲ ಎಂದ ಒಬ್ಬ. ಬರೆದವನು ತಾನೇ ಎಂಬುದನ್ನು ಮರೆತು ಬೀರಣ್ಣ, “ಅದೇ ತಪ್ಪಾತು ನೋಡು,” ಎಂದ. ಅಯ್ಯಮ್ಮ ಎಲ್ಲರ ಮಾತೂ ಮುಗಿಯುವವರೆಗೆ ಕಾದಳು.

“ಸೋಮವಾರತನಕ ಇದು ನಮ್ದೇ ಅಲ್ಲೇನ್ರಿ ಅವ್ವಾರ?”

“ಹೌದವ್ವ.”

ಅಯ್ಯಮ್ಮ ಒಳಗೆ ಹೋದಳು, ಬಾಗಿಲು ಮುಚ್ಚಿದಳು, ಚಿಲಕ ಹಾಕಿದಳು. ಊರವರು ಹೊರಗೆ ಉಳಿದರು. ಗೊಲ್ಲಾಳಮ್ಮ ಹೊರಗೆ ಉಳಿದಳು. ಒದ್ದೆ ಧೋತರದಲ್ಲಿ ಅಂಬ್ರಪ್ಪನೂ ಹೊರಗೇ ಉಳಿದ.

ಅವನು ಮೆಲ್ಲಗೆ ಬಾಗಿಲು ಬಡಿದ. ಆರು ವರ್ಷದಲ್ಲಿ ಅದೇ ಮೊದಲ ಸಲ.

“ಯಾರು?” ಒಳಗಿನಿಂದ ದನಿ ಬಂತು.

“ನಾನಽ. ತಗಿ.”

“ಮುಂದಿನ ವರ್ಷದ ಅರ್ಜಿ ತಂದೀ?”

“ಇನ್ನೂ ಇಲ್ಲ.”

“ತಂದು ಬಡಿ, ತೆಗೀತೀನಿ.”

ಅಂಬ್ರಪ್ಪ ಹೊತ್ತು ನೋಡಿದ. ಚನ್ನಯ್ಯ ಕಚೇರಿಗೆ ಬೀಗ ಹಾಕಲು ಇನ್ನೂ ಕಾಲು ತಾಸಿತ್ತು. ಅವನು ಧೋತರ ಮೇಲೆತ್ತಿ ಕಟ್ಟಿ, ಪಂಚಾಯ್ತಿ ಕಡೆ ದೊಡ್ಡ ದೊಡ್ಡ ಹೆಜ್ಜೆ ಹಾಕಿದ.