ಬೇವಿನ ಮರಕ್ಕೆ ಬೆಳೆಯಬೇಡ ಎಂದದ್ದು

ಮರಗಳ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನಮ್ಮ ಅತ್ತೆ ಕೇಳುತ್ತಿರುತ್ತಾರೆ. ಮರಗಳು ತಮ್ಮ ಪಾಡಿಗೆ ತಾವಿರುತ್ತವೆ, ನಿಜ. ಅವುಗಳ ಕೆಳಗೆ ಇರುವ ಜನ ಮಾತ್ರ ಸುಮ್ಮನಿರುವುದಿಲ್ಲ. ಹಾಗಾಗಿ ಇಂಥದ್ದು ಒಂದಲ್ಲ ಒಂದು ನನಗೆ ಗಂಟು ಬೀಳುತ್ತಲೇ ಇರುತ್ತದೆ. ನಾನು ಸುಲಭಕ್ಕೆ ನಗುವವಳಲ್ಲ. ಮುಖ ಗಂಟಿಕ್ಕಿಕೊಂಡೇ ಹೇಳುತ್ತೇನೆ, ಕೇಳಿ.

ದಾವಣಗೆರೆ ಮತ್ತು ಹರಿಹರದ ಬೀದಿ ಮರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲಕ್ಕೆ ಮುಂಚೆ ಕರೆಂಟ್ ಲೈನಿನವರು ಬಂದು ತಂತಿಗೆ ತಾಗುವ ಮರಗಳ ತಲೆ ಬೋಳಿಸಿ ಹೋಗುತ್ತಾರೆ. ಕಡಿಸಿಕೊಂಡ ಮರ ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಚಿಗುರುತ್ತದೆ. ಮರುವರ್ಷ ಮತ್ತೆ ಮಚ್ಚು. ಇದನ್ನು ತಪ್ಪಿಸಲು ಒಂದು ಔಷಧಿ ಇದೆ. ಬುಡದ ಸುತ್ತ ಸಣ್ಣ ಪಾತಿ ತೆಗೆದು ಮಣ್ಣಿಗೆ ಸುರಿದರೆ ಬೇರು ಅದನ್ನು ಹೀರಿಕೊಳ್ಳುತ್ತದೆ. ಮುಂದೆ ಬರುವ ಚಿಗುರು ಉದ್ದಕ್ಕೆ ಓಡದೆ ಗಿಡ್ಡವಾಗಿ ನಿಲ್ಲುತ್ತದೆ. ಮರವೂ ಉಳಿಯುತ್ತದೆ, ನೆರಳೂ ಉಳಿಯುತ್ತದೆ. ಕೆಲವು ಮರಗಳಿಗೆ ಅದನ್ನು ಹಾಕಿ ನೋಡಿ ಎಂದು ನಮ್ಮ ಕಚೇರಿಯವರು ನನಗೆ ಹೇಳಿದರು.

ಆ ಮರಗಳಲ್ಲಿ ವಿನೋಬನಗರದ ಬೇವೂ ಒಂದು. ಅದರ ಕೆಳಗೆ ಒಬ್ಬ ಅಜ್ಜಿ ಮಂಡಕ್ಕಿ, ಮಿರ್ಚಿ ಮಾರುತ್ತಾರೆ. ಮರ ಬೋಳಾದರೆ ತಲೆಯ ಮೇಲೆ ಬಿಸಿಲು, ಮುಂದೆ ಕಾದ ಎಣ್ಣೆ. ಹಿಂದಿನ ಬೇಸಿಗೆಯಲ್ಲಿ ತಲೆಸುತ್ತು ಬಂದು ಬಾಣಲೆಯ ಪಕ್ಕಕ್ಕೇ ಬಿದ್ದಿದ್ದರು. ಸ್ವಲ್ಪ ಮುಂದಕ್ಕೆ ಬಿದ್ದಿದ್ದರೆ ಕಾದ ಎಣ್ಣೆಗೇ ಬೀಳುತ್ತಿದ್ದರು. ಲೈನಿನ ಸಾಹೇಬರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ಒಂದು ಮಳೆಗಾಲ ಬಿಟ್ಟು ನೋಡ್ತೀನಿ ಮೇಡಂ. ಆಮ್ಯಾಲೂ ತಂತಿ ಮುಟ್ತು ಅಂದ್ರೆ ರೆಂಬೆ ಕಡಿಯೋ ಮಾತೇ ಇಲ್ಲ, ಬುಡಕ್ಕೇ ಗರಗಸ ಹಾಕಿಸ್ತೀನಿ."

ಏನೂ ಆಗಲಿಲ್ಲ

ಮೊದಲು ನಾನೂ ನನ್ನ ಜೊತೆಯ ಕೆಲಸದವರೂ ಸೇರಿ ಸರಸ್ವತಿ ನಗರದ ಹೊಂಗೆ ಮರಕ್ಕೆ ಔಷಧಿ ಹಾಕಿದೆವು. ಎದುರು ಮನೆಯಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮರುದಿನದಿಂದಲೇ ಅವರು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಮರ ಕಾಯಲು ಕೂತರು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಸ್ಕೂಟಿ ನಿಲ್ಲಿಸಲೇಬೇಕು.

"ಏನೂ ಆಗಿಲ್ಲಲ್ರೀ ಮೇಡಂ?"

"ಟೈಮ್ ಬೇಕು ಸಾರ್. ಹೊಸ ಚಿಗುರು ಬಂದಾಗ ಗೊತ್ತಾಗುತ್ತೆ."

ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಅದರ ಮುಂದಿನ ವಾರವೂ ಅದೇ. ಕೊನೆಗೆ ನನಗೆ ರೇಗಿತು.

"ಸಾರ್, ಏನೂ ಆಗಬಾರದು ಅಂತಲೇ ಹಾಕಿರೋದು. ಮರ ಎಷ್ಟಿದೆಯೋ ಅಷ್ಟೇ ಇರಬೇಕು, ಅದಕ್ಕೇ ಈ ಔಷಧಿ!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಿರುಸಾಗಿ ಅಂದೆನೇನೋ ಎಂದು ನನಗೇ ಕೆಡುಕೆನಿಸಿತು. ಆಮೇಲೆ ಅವರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು: "ಏನೇ, ಇಲ್ಲಿ ಬಾ, ಮೇಡಂ ಹೇಳೋದು ಕೇಳು. ಏನೂ ಆಗದಂಗ ನೋಡ್ಕೊಳ್ಳೋದೂ ಒಂದು ಕೆಲಸ ಅಂತೆ. ನಾನು ಸರ್ವೀಸ್ ಪೂರ್ತಿ ಅದನ್ನೇ ಮಾಡಿದ್ದು. ನೀನು ಒಂದಿನಾನೂ ಒಪ್ಪಲಿಲ್ಲ."

ಹರಿಹರದ ಫಸಲು

ಹರಿಹರದ ಒಂದು ಓಣಿಯಲ್ಲಿ ದೊಡ್ಡ ಮಳೆಮರವಿದೆ. ಅದರ ಅಂಟು ಕಾಯಿ ಬಿದ್ದು ಬಿದ್ದು ಗಾಡಿಗಳ ಸೀಟೆಲ್ಲ ಹಾಳು ಎಂದು ಓಣಿಯವರಿಗೆ ಮೊದಲೇ ಸಿಟ್ಟಿತ್ತು. ನಾನು ಎಲ್ಲರನ್ನೂ ಸೇರಿಸಿ ಔಷಧಿಯ ಬಗ್ಗೆ ನಿಧಾನವಾಗಿ ಹೇಳಿದೆ. ತಲೆಯಾಡಿಸಿದರು. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಬಾತಿ ಹಳ್ಳಿಯಿಂದ ತಂಗಿಯ ಮನೆಗೆ ಬಂದಿದ್ದ ರೈತರೊಬ್ಬರು ಔಷಧಿಯ ಡಬ್ಬಿ ಎತ್ತಿ ನೋಡಿದರು.

"ಅಯ್ಯ, ಇದು ನಾವು ಮಾವಿನ ಗಿಡಕ್ಕ ಹಾಕೋದಲ್ಲೇನ್ರಿ! ಹೂವು ಹೆಂಗ ಬಿಡತೈತಿ ಅಂತೀರಿ, ಎಲೀನ ಕಾಣಂಗಿಲ್ಲ!"

ಅವರು ಹೇಳಿದ್ದು ಸುಳ್ಳಲ್ಲ. ಮಾವಿಗೆ ಅದೇ ಔಷಧಿ ಹಾಕುತ್ತಾರೆ. ಚಿಗುರು ನಿಂತರೆ ಮಾವು ಹೂವಿಗೆ ತಿರುಗುತ್ತದೆ. ಆದರೆ ಮಳೆಮರ ಮಾವಲ್ಲ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಗುಂಪು ಎದ್ದು ನಿಂತಿತ್ತು. "ಈಗ ಬೀಳೋ ಕಾಯೇ ಸಾಕಾಗೈತೆ, ಇನ್ನಷ್ಟು ಉದುರಂಗ ಮಾಡಾಕ ಬಂದೀರೇನ್ರಿ?" ಗಂಟಲು ಹರಿಯುವ ತನಕ ವಿವರಿಸಿದ ಮೇಲೆ ಔಷಧಿ ಹಾಕಲು ಬಿಟ್ಟರು.

ಮರುದಿನ ಹೋಗಿ ನೋಡಿದರೆ ಮರದ ಕೆಳಗೆ ನಿಂತಿದ್ದ ಎಲ್ಲ ಗಾಡಿಗಳಿಗೂ ತಾಡಪಾಲು ಹೊದಿಸಿದ್ದರು. ಕಾಯಿ ಬಿಡುವ ಕಾಲವೇ ಅಲ್ಲವಲ್ಲ ಎಂದು ಕೇಳಿದೆ. ಒಬ್ಬ ಗೃಹಿಣಿ ಗಂಭೀರವಾಗಿ ಹೇಳಿದರು: "ಗೊತ್ರಿ ಮೇಡಂ. ಮರಕ್ಕ ಗೊತ್ತಿರಬೇಕಲ್ಲ."

ತಾಯಿಗೆ ಔಷಧಿ

ವಿನೋಬನಗರದ ಬೇವಿಗೆ ಔಷಧಿ ಹಾಕಿದ್ದು ಮಂಗಳವಾರ. ವಾರ ನೋಡದೆ ಹೋದದ್ದೇ ಎಡವಟ್ಟಾಯಿತು. ಔಷಧಿಯನ್ನು ನೀರಿಗೆ ಕಲಸಿದರೆ ಥೇಟ್ ಹಾಲಿನ ಬಣ್ಣ. ಬೇವಿನ ಮರದ ಬುಡಕ್ಕೆ, ಮಂಗಳವಾರ ಬೆಳಿಗ್ಗೆ, ಸಾಲಾಗಿ ನಿಂತು ಬಿಂದಿಗೆಯಲ್ಲಿ ಬಿಳಿಯದನ್ನು ಸುರಿಯುತ್ತಿದ್ದರೆ ನೋಡಿದವರು ಏನಂದುಕೊಳ್ಳಬೇಕು? ಓಣಿಯ ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದರು. ಯಾರೋ ಕಾಯಿ ಒಡೆದರು. ಒಬ್ಬಾಕೆ ಕಣ್ಣು ಮುಚ್ಚಿ, "ತಾಯೀ, ನನ್ನ ಮಗನ ಅಂಗಡಿ ಚೆನ್ನಾಗಿ ಬೆಳೀಲವ್ವಾ" ಎಂದು ಬೇಡಿಕೊಂಡರು. ಈ ಮರ ಬೆಳೆಯದಿರಲಿ ಎಂದೇ ನಾವು ಬಂದಿರುವುದು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇನ್ನೊಬ್ಬಾಕೆ ತೀರ್ಥಕ್ಕೆಂದು ಅಂಗೈ ಬಟ್ಟಲು ಮಾಡಿ ಬಿಂದಿಗೆಗೆ ಒಡ್ಡಿದರು. "ಔಷಧಿ ರೀ, ಕುಡೀಬೇಡಿ!" ಎಂದು ನಾನು ಕಿರುಚಿದೆ. ಇತ್ತ ಮತ್ತೊಬ್ಬರು ನಿಜವಾದ ಹಾಲಿನ ತಂಬಿಗೆಯನ್ನು ಪಾತಿಗೆ ಬಗ್ಗಿಸಲು ಹೊರಟಿದ್ದರು. ನನ್ನ ಮಾತು ಒಬ್ಬರೂ ಕೇಳುತ್ತಿರಲಿಲ್ಲ.

ಆಗ ಅಜ್ಜಿ ಒಲೆಯ ಮುಂದಿನಿಂದ ಜಾಲರಿ ಸೌಟು ಹಿಡಿದುಕೊಂಡೇ ಎದ್ದು ಬಂದರು.

"ಸರೀರಿ ಎಲ್ಲಾ ಅತ್ಲಾಗ! ಆಯಮ್ಮಗ ಮೈಯಾಗ ಸರಿ ಇಲ್ಲ, ಡಾಕ್ಟ್ರಮ್ಮ ಔಷಧಿ ಕುಡಿಸ್ತಾ ಐತೆ. ಅದರ ಮ್ಯಾಲೆ ಹಾಲು ಹಾಕಿದ್ರೆ ಹೊಟ್ಟಿ ಕೆಡಂಗಿಲ್ಲೇನು?"

ಕ್ಷಣದಲ್ಲಿ ಜಾಗ ಖಾಲಿಯಾಯಿತು. ಆಮೇಲೆ ತಿಂಗಳುಗಟ್ಟಲೆ ನಾನು ಆ ಓಣಿಗೆ ಹೋದಾಗಲೆಲ್ಲ ಹೆಂಗಸರು ದನಿ ತಗ್ಗಿಸಿ ಕೇಳುತ್ತಿದ್ದರು: "ಆಯಮ್ಮ ಈಗ ಹೆಂಗಿದಾಳ್ರಿ? ಅನ್ನ ಸೇರುತ್ತಾ?"

ಎರಡಡಿ

ಮಳೆಗಾಲ ಕಳೆಯಿತು. ಲೈನಿನ ಸಾಹೇಬರು ಬೇವಿನ ಮರ ನೋಡಲು ಬರುವ ದಿನ ನಾನು ಅವರಿಗಿಂತ ಮುಂಚೆಯೇ ಹೋಗಿ ಮರದ ಕೆಳಗೆ ನಿಂತೆ. ಅಜ್ಜಿ ಯಾವತ್ತಿನಂತೆ ಒಲೆ ಹಚ್ಚಿದ್ದರು. "ಕಡೀತಾರೇನವ್ವಾ?" ಎಂದು ಒಂದೇ ಸಲ ಕೇಳಿದರು.

ಸಾಹೇಬರು ಲೈನ್‌ಮನ್ನನ ಜೊತೆ ಜೀಪಿನಿಂದ ಇಳಿದರು. ನಾನು ಅವರಿಗೆ ಹೊಸ ಚಿಗುರು ತೋರಿಸಿದೆ. ಗಿಡ್ಡ ಗಿಡ್ಡವಾಗಿ, ಕಡುಹಸಿರು ಎಲೆಗಳು ಒತ್ತೊತ್ತಾಗಿ, ಔಷಧಿ ಚೆನ್ನಾಗಿಯೇ ಹತ್ತಿತ್ತು. ಅವರು ತಲೆಯೆತ್ತಿ ತಂತಿ ನೋಡಿ, ಲೈನ್‌ಮನ್ನನ ಕೈಯಲ್ಲಿ ಕೋಲು ಹಿಡಿಸಿ ಅಳತೆ ಮಾಡಿಸಿದರು.

"ಮೇಡಂ! ಹಿಂದೆ ಅಳತಿ ಮಾಡಿದಾಗ ತಂತಿ ಹತ್ರಾನೇ ಇತ್ತು. ಈಗ ಎರಡಡಿ ಸಂದಿ ಐತೆ. ಮರ ಎರಡಡಿ ಕುಗ್ಗೈತ್ರಿ!"

"ಮರ ಕುಗ್ಗಲ್ಲ ಸಾರ್," ಅಂದೆ. "ಬೆಳೆಯೋದು ನಿಧಾನ ಆಗುತ್ತೆ, ಅಷ್ಟೇ. ಬೆಳೆದದ್ದು ವಾಪಸ್ ಹೋಗಲ್ಲ."

"ನಾನೇ ನಿಂತು ಅಳತಿ ಮಾಡಿಸಿದ್ದು ಕಣ್ರಿ!"

ಇಬ್ಬರೂ ಮೇಲೆ ನೋಡಿದೆವು. ಆಮೇಲೆ ಪಕ್ಕಕ್ಕೆ ನೋಡಿದೆವು. ಮರದ ಆಚೀಚೆಯ ಎರಡೂ ಕಂಬಗಳ ತಲೆಗೆ ಹೊಸ ಕಬ್ಬಿಣದ ಪಟ್ಟಿ ಕೂಡಿಸಿ, ತಂತಿಯನ್ನು ಅದರ ತುದಿಗೆ ಏರಿಸಲಾಗಿತ್ತು. ಪಟ್ಟಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಲೈನ್‌ಮನ್ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ.

"ಯಾರಪ್ಪಾ ಇದನ್ನ ಮಾಡಿದ್ದು?" ಎಂದರು ಸಾಹೇಬರು.

"ನಾನೇ ಸಾರ್. ಕರೆಂಟ್ ತೆಗೆದ ದಿನ ಹಂಗೇ ಕೂಡ್ಸಿಬಿಟ್ಟೆ."

"ಮೇಡಂ ಔಷಧಿ ಮ್ಯಾಲೆ ನಂಬಿಕೆ ಇರಲಿಲ್ಲೇನು?"

"ನಂಬಿಕೆ ಐತ್ರಿ ಸಾರ್. ಆದ್ರೆ ಈ ಅಜ್ಜಿ ಮಳೆಗಾಲ ಪೂರ್ತಿ ತಂತಿ ನೋಡ್ಕೋಂತನೇ ಮಿರ್ಚಿ ಕರೀತು. ಒಂದಿನಾನೂ ಸರಿ ಬೇಯಲಿಲ್ಲ. ನಾವು ದಿನಾ ತಿನ್ನೋರು, ಎಷ್ಟು ದಿನ ಹಸೀದು ತಿನ್ನೋಣ?"

ನನಗೆ ಸಿಟ್ಟು ಬಂತು. ಒಂದು ಮಳೆಗಾಲ ಪೂರ್ತಿ ಕಾದು ನೋಡಿದ ನನ್ನ ಮದ್ದಿನ ಪರೀಕ್ಷೆಯನ್ನು ಒಂದು ಕಬ್ಬಿಣದ ಪಟ್ಟಿ ಹಾಳು ಮಾಡಿತ್ತು. ಅಜ್ಜಿಯ ಮುಖ ನೋಡಿದ ಮೇಲೆ ಆ ಸಿಟ್ಟು ನಿಲ್ಲಲಿಲ್ಲ. ಸಾಹೇಬರು ನೆರಳಿನ ಬೆಂಚಿನ ಮೇಲೆ ಕೂತರು. ಅಜ್ಜಿ ಪೇಪರಿನಲ್ಲಿ ಎರಡು ಮಿರ್ಚಿ ಹಾಕಿ ಅವರ ಮುಂದೆ ಹಿಡಿದರು. ಅವರು ಒಂದನ್ನು ಪೂರ್ತಿ ತಿಂದು, ಕಣ್ಣಲ್ಲಿ ಬಂದ ನೀರು ಒರೆಸಿಕೊಂಡರು. ಖಾರಕ್ಕೋ ಏನೋ, ನಾನು ಕೇಳಲಿಲ್ಲ.

"ಈ ಮರ ಕಡಿಯೋದು ಬ್ಯಾಡ," ಎಂದರು ಲೈನ್‌ಮನ್ನನಿಗೆ. ಆಮೇಲೆ ನನ್ನ ಕಡೆ ತಿರುಗಿ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಔಷಧಿ ಚಲೋ ಐತ್ರಿ ಮೇಡಂ. ಆದ್ರೆ ಮುಂದಿನ ಸಲ ನೋಡ್ಕೊಂಡು ಹಾಕ್ರಿ. ಕಂಬದ ಬುಡಕ್ಕೂ ಸಿಡಿದಂಗೈತೆ. ಅದಕ್ಕೆ ಉಲ್ಟಾ ಹತ್ತಿ, ನೋಡ್ರಿ, ಹೆಂಗ ಬೆಳದುಬಿಟ್ಟೈತೆ!"