ತಾಟಿನ ಅಳತೆಯ ರೊಟ್ಟಿಗಳು

ನೂರೊಂದು ಕಡಕ್ ರೊಟ್ಟಿ ಎಂದರೆ ದಿನಕ್ಕೆ ಹತ್ತರಂತೆ ಹತ್ತೇ ದಿನದ ಕೆಲಸ, ಕೊನೆಯ ದಿನ ಒಂದು ಹೆಚ್ಚು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಹೀಗೆಂದುಕೊಂಡು ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ. ಮೂರು ಬಣ್ಣದ ಪೆನ್ನಿನಲ್ಲಿ!

ಬ್ಯಾಡಗಿಗೆ ಕೊಟ್ಟಿರುವ ನನ್ನ ನಾದಿನಿ ಗಿರಿಜಾಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಗಿತ್ತು. ಬಸುರಿ ಮಗಳಿಗೆ ತವರಿನವರು ಸೀರೆಯ ಜೊತೆ ರೊಟ್ಟಿ ಬುತ್ತಿ ಒಯ್ಯಬೇಕು. ತನಗೆ ಅವ್ವನ ಕೈಯ ರೊಟ್ಟಿಯೇ ಬೇಕೆಂದು ಗಿರಿಜಾ ದಿನಾ ಫೋನು ಮಾಡುತ್ತಿದ್ದಳು. ಆದರೆ ಅವಳ ಅವ್ವನ, ಅಂದರೆ ನನ್ನ ಅತ್ತೆಯ, ಬಲಗೈ ಪ್ಲಾಸ್ಟರಿನಲ್ಲಿತ್ತು. ನೆಲ ಫಳಫಳ ಹೊಳೆಯಲೆಂದು ನಾನು ಎರಡನೇ ಸಲ ಒರೆಸಿದ್ದೆ, ಅವರು ಜಾರಿ ಬಿದ್ದಿದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರೇ ಕೂತು ಪ್ಲಾಸ್ಟರು ನೋಡಿಕೊಂಡು ಕಣ್ಣೊರೆಸಿಕೊಳ್ಳುವುದನ್ನು ಕಂಡು ರೊಟ್ಟಿಯ ಹೊಣೆಯನ್ನು ನಾನೇ ಹೊತ್ತುಕೊಂಡೆ.

"ಓಣ್ಯಾಗ ಶಾಂತವ್ವ ರೊಟ್ಟಿ ಮಾಡಿ ಕೊಡ್ತಾಳ, ಆಕಿಗೆ ಹೇಳಿಬಿಡು. ನೌಕರಿ ಮಾಡಾಕಿ ನೀ, ಎಷ್ಟಂತ ಮಾಡ್ತಿ?" ಎಂದರು ಅತ್ತೆ.

"ಅತ್ತಿ, ನೀವು ಸುಮ್ನ ಕುಂದ್ರಿ. ನಿಮ್ಮ ರೊಟ್ಟಿಗಿಂತ ಒಂದು ಕೂದಲೆಳಿ ಕಮ್ಮಿ ಆಗಾಕ ಬಿಡೂದಿಲ್ಲ ನಾನು."

ಬೆಳಗಿನ ಐದಕ್ಕೆ ರೊಟ್ಟಿ. ಎಂಟೂವರೆಗೆ ಹಾವೇರಿಯಿಂದ ರಾಣೆಬೆನ್ನೂರಿಗೆ, ನನ್ನ ಬ್ಯಾಂಕಿಗೆ ಬಸ್ಸು. ಮೊದಲ ರೊಟ್ಟಿಯನ್ನು ನೋಡಿ ಎಂಟು ವರ್ಷದ ಮಗಳು ಸಿಂಚನಾ, "ಮಮ್ಮಿ, ಇದು ಯಾವ ಜಿಲ್ಲಾ?" ಎಂದು ಕೇಳಿದಳು. ಎರಡನೆಯದು ಪಕ್ಕದ ಜಿಲ್ಲೆಯಾಯಿತು. ಬೀಗರ ಮನೆಯಲ್ಲಿ ಭೂಪಟ ಹಂಚಲಾದೀತೆ? ಆಗ ನನ್ನ ತಲೆ ಓಡಿತು. ಬೆಂದ ರೊಟ್ಟಿ ಇನ್ನೂ ಮೆತ್ತಗಿರುವಾಗಲೇ ಅದರ ಮೇಲೆ ತಾಟು ಬೋರಲು ಹಾಕಿ, ಸುತ್ತಲೂ ಕತ್ತರಿ ಆಡಿಸಿದೆ. ಮತ್ತೆ ಹಂಚಿಗೆ ಹಾಕಿ ಗರಿಗರಿ ಮಾಡಿದೆ. ಸಾಕ್ಷಾತ್ ಹುಣ್ಣಿಮೆ ಚಂದ್ರ!

ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಜಂಪರ್ ಹೊಲಿಯಾಕತ್ತೀಯೇನವ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ನಾನು ಕತ್ತರಿಸಿ ಬಿಟ್ಟ ಚೂರುಗಳನ್ನು ಎಡಗೈಯಿಂದ ಆರಿಸಿ ಹಂಚಿನ ಬದಿಗೆ ಒಣಗಲು ಇಟ್ಟರು.

ಅಂದಿನಿಂದ ನಮ್ಮ ಮನೆಯವರಿಗೆ ಮಧ್ಯಾಹ್ನದ ಡಬ್ಬಿಗೂ ಚೂರು, ಸಂಜೆಯ ಚಹಾಕ್ಕೂ ಚೂರು. ಒಂಬತ್ತನೆಯ ದಿನ ಅವರು ಕೈ ಮುಗಿದರು. "ಇಡೀ ರೊಟ್ಟಿ ಹೆಂಗಿರ್ತೈತಿ ಅನ್ನೂದ ಮರತೇನಿ. ಒಂದು ಕೊಡು."

"ಅವು ಬುತ್ತಿದು. ಮುಟ್ಟಬ್ಯಾಡ್ರಿ," ಎಂದೆ.

ಕುಬಸದ ದಿನ ಬೆಳಿಗ್ಗೆ ಒಂದು ಭಯಂಕರ ದೋಷ ನನ್ನ ಗಮನಕ್ಕೆ ಬಂತು. ಮೊದಲ ದಿನದ ರೊಟ್ಟಿ ಕೊನೆಯ ದಿನದ ರೊಟ್ಟಿಯಷ್ಟು ಗರಿಗರಿಯಾಗಿರಲಿಲ್ಲ! ಕೂಡಲೇ ನೂರೊಂದನ್ನೂ ಮತ್ತೆ ಹಂಚಿನ ಮೇಲೆ ಕಾಯಿಸಿ, ಬಿಸಿಬಿಸಿಯಾಗಿಯೇ ಹೊಸ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದೆ.

"ಆರಲಿ ತಡಿಯವ್ವಾ. ಬಿಳಿ ಅರಿವ್ಯಾಗ ಕಟ್ಟು," ಎಂದರು ಅತ್ತೆ.

"ಬಸ್ಸಿನ ಧೂಳು ನಿಮಗ ಗೊತ್ತಿಲ್ಲೇನ್ರಿ ಅತ್ತಿ?"

ಬ್ಯಾಡಗಿಯಲ್ಲಿ ಹೆಂಗಸರೆಲ್ಲ ಸುತ್ತ ಕೂತರು. ಬುತ್ತಿ ಬಿಚ್ಚುವ ಹೊತ್ತು ಬಂತು. ನಾನು ಹೆಮ್ಮೆಯಿಂದ ಮುಚ್ಚಳ ತೆಗೆದೆ. ಮುಚ್ಚಳದಿಂದ ನೀರು ತೊಟ್ಟಿಕ್ಕಿತು. ಗಿರಿಜಾಳ ಅತ್ತೆ, ನಮ್ಮ ಬೀಗತಿ, ಮೇಲಿನ ರೊಟ್ಟಿ ಎತ್ತಿದರು. ಅದು ಹಿಂಡದ ಟವೆಲ್ಲಿನಂತೆ ಜೋತುಬಿತ್ತು. ಎರಡನೆಯದೂ ಹಾಗೆಯೇ. ಒಟ್ಟು ನೂರೊಂದೂ! ದುಂಡಗೆ ಮಾತ್ರ ಇದ್ದವು.

"ನಮ್ಮ ಕಡೆ ಇದಕ್ಕ ಚಪಾತಿ ಅಂತೇವಿ," ಎಂದರು ಬೀಗತಿ.

ನನಗೆ ಅಳುವೇ ಬಂತು. ಮೊದಲು ಅತ್ತೆಯ ಕೈ ಮುರಿದೆ, ಈಗ ನಾಲ್ಕು ಜನರ ಮುಂದೆ ಮರ್ಯಾದೆಯನ್ನೂ ಕಳೆದೆ. ಗಿರಿಜಾ ತಲೆ ತಗ್ಗಿಸಿ ಕೂತಿದ್ದಳು.

ಅತ್ತೆ ಮಾತ್ರ ಗಡಿಬಿಡಿಯಿಲ್ಲದೆ ತಮ್ಮ ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಮಗಳ ಮಡಿಲಲ್ಲಿಟ್ಟರು. ಬಿಚ್ಚಿದರೆ ನನ್ನ ಚೂರುಗಳು! ನಮ್ಮ ಮನೆಯವರ ಬಾಯಿಂದ ಪಾರಾಗಿ ಬಂದಂಥವು. ಸೊಟ್ಟ, ಮೂಲೆ, ತುಂಡು, ಒಂದರಂತೆ ಒಂದಿಲ್ಲ. ಗಿರಿಜಾ ಒಂದಕ್ಕೆ ಶೇಂಗಾ ಚಟ್ನಿ ಹಚ್ಚಿ ಕಡಿದಳು. ಕಟುಂ ಎಂದಿತು.

"ಯವ್ವಾ, ನಿನ್ನ ಕೈ ರುಚಿನ ಐತಿ. ಮುರದ ಕೈಲೇ ಹೆಂಗ ಮಾಡೀದಿ?" ಅವಳ ಕಣ್ಣು ತುಂಬಿತ್ತು.

"ನಾ ಬರೇ ಒಣಗಿಸೇನಿ. ಬಡದಾಕಿ ನಿಮ್ಮ ವೈನಿ," ಎಂದು ಅತ್ತೆ ನನ್ನನ್ನು ತೋರಿಸಿದರು.

ಚೂರುಗಳು ಸುತ್ತಿನಲ್ಲಿ ಕೈಯಿಂದ ಕೈಗೆ ಹೋಗಿ ಖಾಲಿಯಾದವು. ಬೀಗತಿ ಬಟ್ಟೆಯನ್ನೂ ಝಾಡಿಸಿ ನೋಡಿದರು.

ಮರಳುವ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಅತ್ತಿ, ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?"

ಅವರು ಕಿಟಕಿಯಾಚೆ ನೋಡುತ್ತಲೇ, "ಇನ್ನಮ್ಯಾಲೆ ನೆಲ ಒಂದ ಸಲ ಒರಸವ್ವಾ. ಸಾಕು," ಎಂದರು. ನಾನು ಅವರ ಎಡಗೈ ಹಿಡಿದು ಕೂತೆ.

ಮನೆಗೆ ಬಂದವಳೇ ವೇಳಾಪಟ್ಟಿ ಹರಿದು ಹಾಕಿದೆ. ಇನ್ನು ಜಿಲ್ಲೆಯಾದರೆ ಜಿಲ್ಲೆ, ತಾಲೂಕಾದರೆ ತಾಲೂಕು! ಆದರೆ ಮೊನ್ನೆ ಬೀಗತಿ ಫೋನು ಮಾಡಿದರು. ತೊಟ್ಟಿಲ ಕಾರ್ಯಕ್ಕೆ ದುಂಡನೆಯ ರೊಟ್ಟಿ ಬೇಡವಂತೆ, ಬರೀ ಚೂರು ತರಬೇಕಂತೆ. ಚೂರುಗಳೂ ಒಂದೇ ಅಳತೆಯಲ್ಲಿದ್ದರೆ ಎಷ್ಟು ಚಂದ ಎಂದುಕೊಂಡು ಕತ್ತರಿ ಹುಡುಕಿದೆ.

ಅತ್ತೆ ಅದನ್ನು ಬಚ್ಚಿಟ್ಟಿದ್ದಾರೆ.